ಇಬ್ಬರ ದುಡಿಮೆ, ಒಂದೇ ಲೆಕ್ಕದ ಪುಸ್ತಕ



ಶ್ರೀಮಠದ ಕಾರ್ಯಾಲಯಕ್ಕೆ ಬರುವವರು ಬಹುತೇಕ ಶುಭಕಾರ್ಯದ ನಿಮಿತ್ತ ಬರುತ್ತಾರೆ. ಮಗುವಿನ ನಾಮಕರಣ, ಮಗಳ ಮದುವೆ, ಹೊಸ ಮನೆಯ ಪ್ರವೇಶ ಹೀಗೆ ಏನಾದರೊಂದು ಕಾರಣವಿರುತ್ತದೆ. ಕೆಲ ಕಾಲದ ಹಿಂದೆ ಧಾರವಾಡದ ಕಡೆಯಿಂದ ಬಂದ ಯುವ ದಂಪತಿಗಳು ಮಾತ್ರ, ನಿಗದಿಯಾಗಿದ್ದ ಗೃಹಪ್ರವೇಶವನ್ನು ಮುಂದೂಡಬೇಕಾಗಿದೆ ಎಂದು ತಿಳಿಸಲು ಬಂದಿದ್ದರು. ಪತ್ನಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಪತಿ ಖಾಸಗಿ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದು, ಹಿಂದಿನ ತಿಂಗಳಷ್ಟೇ ಕೆಲಸ ಕಳೆದುಕೊಂಡಿದ್ದರು. ಸಮಾಧಾನ ಹೇಳುವ ಮುನ್ನ ನಾವು ಒಂದು ಸಹಜ ಪ್ರಶ್ನೆ ಕೇಳಿದೆವು: "ಒಟ್ಟು ಸಾಲ ಎಷ್ಟಿದೆ?"

ಪತ್ನಿ 36 ಲಕ್ಷ ಎಂದರು. ಪತಿ 38 ಲಕ್ಷ ಎಂದರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅರ್ಧ ಗಂಟೆಯ ಬಳಿಕ ಕಾಗದದ ಮೇಲೆ ಬರೆದಾಗ ಬಂದ ಮೊತ್ತ 39.5 ಲಕ್ಷ. ಅದರ ಹೊರಗೆ, ಮಿತ್ರರೊಬ್ಬರ 3 ಲಕ್ಷದ ಸಾಲಕ್ಕೆ ಪತಿ ಹಾಕಿದ್ದ ಜಾಮೀನು ಸಹಿಯೂ ಇತ್ತು.

ಅವರು ಅಪವ್ಯಯಿಗಳಲ್ಲ, ದುರಭ್ಯಾಸವೂ ಇಲ್ಲ. ತಮ್ಮನ ವ್ಯಾಪಾರಕ್ಕೆಂದು ಪತಿ ಪತ್ತಿನ ಸಹಕಾರ ಸಂಘದಲ್ಲಿ 2 ಲಕ್ಷ ಪಡೆದಿದ್ದುದು ಪತ್ನಿಗೆ ತಿಳಿದಿರಲಿಲ್ಲ. ತಂದೆಯ ಆಸ್ಪತ್ರೆಯ ಖರ್ಚಿಗೆಂದು ಪತ್ನಿ ತನ್ನ ಆಭರಣ ಅಡವಿಟ್ಟು 1.5 ಲಕ್ಷ ಪಡೆದಿದ್ದುದು ಪತಿಗೆ ತಿಳಿದಿರಲಿಲ್ಲ. ಇಬ್ಬರೂ ಮುಚ್ಚಿಟ್ಟದ್ದು ತಮ್ಮ ತಮ್ಮ ಹೆತ್ತವರ, ಒಡಹುಟ್ಟಿದವರ ಮೇಲಿನ ಕರ್ತವ್ಯವನ್ನು. ಈ ಸಂಗತಿ ನಮ್ಮನ್ನು ಬಹಳ ದಿನ ಚಿಂತನೆಗೆ ಹಚ್ಚಿತು. ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿ, ಅವರ ಅನುಮತಿಯಿಂದಲೇ ಇಲ್ಲಿ ಬರೆಯುತ್ತಿದ್ದೇವೆ. ಇಂದು ನಮ್ಮ ಸಮಾಜದ ಅಸಂಖ್ಯ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಆದರೆ ಇಬ್ಬರ ಲೆಕ್ಕ ಒಂದೇ ಪುಸ್ತಕದಲ್ಲಿ ಇರುವ ಮನೆಗಳು ಎಷ್ಟು?

ಎರಡು ಸಂಬಳ ಎಂಬ ಭ್ರಮೆ

ಮೊದಲು ಆ ಮನೆಯ ತಿಂಗಳ ಲೆಕ್ಕವನ್ನು ನೋಡೋಣ. ಕೈಗೆ ಬರುತ್ತಿದ್ದ ಸಂಬಳ ಪತ್ನಿಗೆ 48,000 ರೂಪಾಯಿ, ಪತಿಗೆ 42,000 ರೂಪಾಯಿ, ಒಟ್ಟು 90,000. ಸಾಲದ ಕಂತುಗಳು ಹೀಗಿದ್ದವು: ಮನೆಯ ಸಾಲಕ್ಕೆ ಸುಮಾರು 26,000, ಕಾರಿಗೆ 9,000, ವೈಯಕ್ತಿಕ ಸಾಲಕ್ಕೆ 7,500, ಸಹಕಾರ ಸಂಘಕ್ಕೆ 6,500, ಕ್ರೆಡಿಟ್ ಕಾರ್ಡಿನ ಕನಿಷ್ಠ ಪಾವತಿ 2,500. ಒಟ್ಟು 51,500. ಅಂದರೆ ಬರುವ ಪ್ರತಿ ನೂರು ರೂಪಾಯಿಯಲ್ಲಿ 57 ರೂಪಾಯಿ ಮನೆಗೆ ಬರುವ ಮೊದಲೇ ಹೊರಟುಹೋಗುತ್ತಿತ್ತು. ಮನೆಖರ್ಚು 30,000. ಉಳಿಯುತ್ತಿದ್ದ ಎಂಟು ಸಾವಿರ ಚಿಲ್ಲರೆಯೂ ಎಲ್ಲಿ ಹೋಗುತ್ತಿತ್ತೆಂಬುದು ಇಬ್ಬರಿಗೂ ಸ್ಪಷ್ಟವಿರಲಿಲ್ಲ.

ಪತಿಯ ಸಂಬಳ ನಿಂತ ದಿನ ಮನೆಗೆ ಉಳಿದದ್ದು 48,000. ಕಂತುಗಳೇ 51,500. ಒಲೆ ಹೊತ್ತಿಸುವ ಮೊದಲೇ 3,500 ರೂಪಾಯಿ ಕೊರತೆ. ಇಬ್ಬರು ದುಡಿಯುವ ಮನೆ ಒಬ್ಬರು ದುಡಿಯುವ ಮನೆಗಿಂತ ಸುಭದ್ರ ಎಂದು ನಾವು ಭಾವಿಸುತ್ತೇವೆ. ಎರಡೂ ಸಂಬಳವನ್ನು ಕಂತಿಗೆ ಒತ್ತೆ ಇಟ್ಟ ಮನೆಯ ವಿಷಯದಲ್ಲಿ ಅದು ನಿಜವಲ್ಲ. ಒಬ್ಬರೇ ದುಡಿಯುವ ಮನೆಯಲ್ಲಿ ಆಪತ್ತು ಬಂದರೆ ಇನ್ನೊಬ್ಬರು ಕೆಲಸ ಹುಡುಕಬಹುದು. ಇಬ್ಬರೂ ದುಡಿದು ಇಬ್ಬರ ದುಡಿಮೆಯೂ ಮುಂಗಡವಾಗಿ ಖರ್ಚಾಗಿರುವಲ್ಲಿ ಕರೆಯಲು ಮೂರನೆಯವರು ಯಾರೂ ಇರುವುದಿಲ್ಲ.

ಮನೆ ಕಟ್ಟುವಾಗ ಬ್ಯಾಂಕು ಪತಿ ಪತ್ನಿಯರ ಆದಾಯ ಎರಡನ್ನೂ ಕೂಡಿಸಿ ಇಷ್ಟು ಸಾಲ ಕೊಡಬಹುದು ಎನ್ನುತ್ತದೆ. ಅದು ಬ್ಯಾಂಕು ತನ್ನ ಹಣದ ರಕ್ಷಣೆಗಾಗಿ ಮಾಡಿಕೊಂಡ ಲೆಕ್ಕ. ಕೊಡಬಹುದಾದಷ್ಟು ಸಾಲ ಬೇರೆ, ತೆಗೆದುಕೊಳ್ಳಬಹುದಾದಷ್ಟು ಸಾಲ ಬೇರೆ. ಈ ಎರಡರ ನಡುವಿನ ಅಂತರವನ್ನು ಅರಿಯುವ ಹೊಣೆ ಮನೆಯವರದು.

ಹಾಗಾದರೆ ಅಳತೆ ಯಾವುದು? ನಾವು ಹೇಳುವ ಸೂತ್ರ ಸರಳವಾದುದು. ಎಲ್ಲ ಸಾಲಗಳ ಕಂತು ಮತ್ತು ಮನೆಯ ಅಗತ್ಯ ಖರ್ಚು, ಎರಡೂ ಸೇರಿ ಇಬ್ಬರಲ್ಲಿ ಹೆಚ್ಚು ಗಳಿಸುವವರ ಒಂದೇ ಸಂಬಳದಲ್ಲಿ ಮುಗಿಯುವಂತಿರಬೇಕು. ಎರಡನೆಯ ಸಂಬಳ ಉಳಿತಾಯಕ್ಕೆ, ಮುಂದಿನ ಯೋಜನೆಗೆ, ಆಪತ್ತಿಗೆ. ನಗರಗಳ ಬಾಡಿಗೆ, ಶಾಲಾ ಶುಲ್ಕಗಳನ್ನು ನೋಡಿದರೆ ಇದು ಎಲ್ಲರಿಗೂ ಇಂದೇ ಸಾಧ್ಯವಾಗದು ಎಂಬುದನ್ನು ಬಲ್ಲೆವು. ಆದರೆ ಕಡೆಯ ಪಕ್ಷ ಕಂತುಗಳಾದರೂ ಇಬ್ಬರಲ್ಲಿ ಕಡಿಮೆ ಗಳಿಸುವವರ ಸಂಬಳವನ್ನು ಮೀರಕೂಡದು. ಆಗ ಯಾರ ಕೆಲಸ ಹೋದರೂ ಸಾಲ ಸುಸ್ತಿಯಾಗುವುದಿಲ್ಲ.

ಮನೆ ಕೊಳ್ಳಬೇಕೆಂದಿರುವ ದಂಪತಿಗಳಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇವೆ. ಸಾಲ ಪಡೆಯುವ ಮೊದಲು ಆರು ತಿಂಗಳು, ಮುಂದೆ ಕಟ್ಟಬೇಕಾದ ಕಂತನ್ನು ಪ್ರತಿ ತಿಂಗಳ ಮೊದಲ ವಾರದಲ್ಲಿಯೇ ಬೇರೊಂದು ಖಾತೆಗೆ ಹಾಕಿ, ಉಳಿದುದರಲ್ಲಿ ಬದುಕಿ ನೋಡಿರಿ. ಸುಸೂತ್ರವಾಗಿ ನಡೆದರೆ ಮುಂಗಡಕ್ಕೆ ಅಷ್ಟು ಹಣ ಕೂಡಿರುತ್ತದೆ. ನಡೆಯದಿದ್ದರೆ ಸಾಲಕ್ಕೆ ಸಹಿ ಹಾಕುವ ಮೊದಲೇ ಸತ್ಯ ತಿಳಿದಿರುತ್ತದೆ. 30 ಲಕ್ಷದವರೆಗಿನ ಮನೆ ಸಾಲದಲ್ಲಿ ಬ್ಯಾಂಕುಗಳು ಮನೆಯ ಬೆಲೆಯ ಶೇ. 90ರವರೆಗೆ, 75 ಲಕ್ಷದವರೆಗಿನ ಸಾಲದಲ್ಲಿ ಶೇ. 80ರವರೆಗೆ ಮಾತ್ರ ಕೊಡಬಹುದು. ಉಳಿದುದನ್ನು ವೈಯಕ್ತಿಕ ಸಾಲ ಮಾಡಿ ತುಂಬುವವರಿದ್ದಾರೆ; ಅದು ಅಡಿಪಾಯದ ಕೆಳಗೆ ಅಗೆದಂತೆ.

ಪುಸ್ತಕದಲ್ಲಿ ಏನಿರಬೇಕು

ಇಬ್ಬರೂ ಕೂಡಿ ಒಂದು ಪುಸ್ತಕ ಇಡಬೇಕು. ಮೊಬೈಲಿನಲ್ಲಿ ಇಡುವವರು ಅದರಲ್ಲಿಯೇ ಇಡಲಿ, ಆದರೆ ಇಬ್ಬರೂ ತೆರೆದು ನೋಡುವಂತಿರಲಿ. ಮೊದಲ ಪುಟದಲ್ಲಿ ಇರುವುದು: ಬ್ಯಾಂಕಿನ ಖಾತೆಗಳು, ಠೇವಣಿ, ಭವಿಷ್ಯ ನಿಧಿ, ನಿವೇಶನ, ಜಮೀನು, ಬಂಗಾರ. ಎರಡನೆಯ ಪುಟದಲ್ಲಿ ಕೊಡಬೇಕಾದುದು: ಯಾರಿಗೆ, ಎಷ್ಟು, ಎಷ್ಟು ಬಡ್ಡಿ, ಎಂದಿಗೆ ಮುಗಿಯುತ್ತದೆ. ಮೂರನೆಯ ಪುಟವನ್ನು ಬಹುತೇಕರು ಬರೆಯುವುದೇ ಇಲ್ಲ. ಅದು ಜಾಮೀನುಗಳ ಪುಟ.

ಜಾಮೀನು ಎಂದರೆ ಬರಿಯ ಪರಿಚಯದ ಸಹಿ ಎಂದು ಅನೇಕರು ತಿಳಿದಿದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲ ಕೊಟ್ಟ ಸಂಸ್ಥೆ ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು. ನಮ್ಮ ಭಾಗದಲ್ಲಿ ಸ್ನೇಹಕ್ಕೆ, ಬೀಗತನಕ್ಕೆ, ಒಂದೇ ಊರಿನವರೆಂಬ ದಾಕ್ಷಿಣ್ಯಕ್ಕೆ ಸಹಿ ಹಾಕಿ ಹೊಲ ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲೂ ಉಂಟು. ಆದುದರಿಂದ ಸಂಗಾತಿಗೆ ತಿಳಿಸದೆ ಜಾಮೀನು ಹಾಕುವುದಿಲ್ಲ ಎಂಬ ನಿಯಮವನ್ನು ದಂಪತಿಗಳು ಇಂದೇ ಮಾಡಿಕೊಳ್ಳಲಿ. ಮನೆಯಲ್ಲಿ ಕೇಳಬೇಕು ಎಂಬ ಮಾತು ಹಲವು ಬಾರಿ ದಾಕ್ಷಿಣ್ಯದಿಂದ ಪಾರುಮಾಡುವ ಮರ್ಯಾದೆಯ ಉತ್ತರವೂ ಆಗುತ್ತದೆ.

ಬಂಗಾರದ ವಿಷಯದಲ್ಲಿಯೂ ಒಂದು ಮಾತು. ತವರಿನಿಂದ ಬಂದ, ಮದುವೆಯಲ್ಲಿ ವಧುವಿಗೆಂದು ಕೊಟ್ಟ ಆಭರಣ ಆಕೆಯ ಸ್ತ್ರೀಧನ. ಕಾನೂನಿನಂತೆ ಅದು ಆಕೆಯದೇ. ಕಷ್ಟಕಾಲದಲ್ಲಿ ಮನೆಗೆಂದು ಆಕೆ ಅದನ್ನು ಅಡವಿಡಲು ಒಪ್ಪಿದರೆ, ಮನೆಯೇ ಆಕೆಗೆ ಸಾಲಗಾರ. ಆ ಸಾಲವನ್ನು ಪುಸ್ತಕದ ಎರಡನೆಯ ಪುಟದಲ್ಲಿ ಬರೆದು, ಬಿಡಿಸಿಕೊಡುವ ಅವಧಿಯನ್ನೂ ಬರೆಯಬೇಕು. ಬಿಡಿಸಿಕೊಡುವ ಮಾತಿಲ್ಲದೆ ಹೋದ ಬಂಗಾರ ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷದ ಮುನಿಸಾಗಿ ಉಳಿದಿದೆ.

ಎರಡು ತವರುಗಳು

ಆ ದಂಪತಿಗಳ ಸಾಲಕ್ಕಿಂತ ಅವರ ಮೌನ ನಮ್ಮನ್ನು ಹೆಚ್ಚು ಕಾಡಿತು. ಮಗ ತನ್ನ ತಂದೆತಾಯಿಗೆ ಹಣ ಕಳಿಸಿದರೆ ಅದು ಕರ್ತವ್ಯ. ಮಗಳು ತನ್ನ ತಂದೆತಾಯಿಗೆ ಕಳಿಸಿದರೆ ಅದು ತವರಿನ ಮೋಹ. ಬಹಳ ಮನೆಗಳಲ್ಲಿ ಈ ಭೇದವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ದುಡಿಯುವ ಮಗಳು ತಂದೆಯ ಔಷಧಕ್ಕೆ ಕದ್ದು ಹಣ ಕಳಿಸಬೇಕಾದ ಸ್ಥಿತಿ ಹುಟ್ಟುವುದು ಇಲ್ಲಿಂದಲೇ.

ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಬಂದ ಕಾಯಿದೆಯು ಮಕ್ಕಳು ಎಂಬ ಪದದಲ್ಲಿ ಮಗನನ್ನೂ ಮಗಳನ್ನೂ ಸಮಾನವಾಗಿ ಸೇರಿಸಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಹೆಣ್ಣಿಗೂ ಗಂಡಿಗೂ ಸಮಾನ ಸ್ಥಾನವಿತ್ತ ಶರಣ ಪರಂಪರೆಯ ನಮಗೆ ಇದನ್ನು ಕಾನೂನು ಹೇಳಿಕೊಡಬೇಕಾಗಿರಲಿಲ್ಲ.

ಇಬ್ಬರೂ ಕುಳಿತು, ಎರಡೂ ಕಡೆಯ ಹಿರಿಯರಿಗೆ ತಿಂಗಳಿಗೆ ಎಷ್ಟು ಎಂಬುದನ್ನು ನಿಗದಿ ಮಾಡಿ ಮನೆಖರ್ಚಿನಲ್ಲಿಯೇ ಬರೆಯುವುದು ಇದಕ್ಕೆ ಪರಿಹಾರ. ಎರಡೂ ಕಡೆಗೆ ಸಮ ಮೊತ್ತವೇ ಇರಬೇಕೆಂದಿಲ್ಲ; ಯಾರಿಗೆ ಅಗತ್ಯ ಹೆಚ್ಚೋ ಅವರಿಗೆ ಹೆಚ್ಚು. ಒಂದು ವರ್ಷ ಆ ಕಡೆ ಆಸ್ಪತ್ರೆ ಬರಬಹುದು, ಇನ್ನೊಂದು ವರ್ಷ ಈ ಕಡೆ. ಆದರೆ ಎರಡೂ ಬರವಣಿಗೆಯಲ್ಲಿರಬೇಕು. ಬರೆದ ಖರ್ಚು ಎಷ್ಟೇ ದೊಡ್ಡದಾದರೂ ಅದಕ್ಕೊಂದು ಮಿತಿ ಇರುತ್ತದೆ. ಮುಚ್ಚಿಟ್ಟ ಖರ್ಚಿಗೆ ಮಿತಿ ಇರುವುದಿಲ್ಲ.

ಯಾವ ಸಾಲವನ್ನು ಮೊದಲು ತೀರಿಸಬೇಕು

ಎಲ್ಲ ಸಾಲವೂ ಒಂದೇ ತೂಕದ್ದಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 3.75ರಷ್ಟು ಬಡ್ಡಿ ಬೀಳುತ್ತದೆ. ವರ್ಷಕ್ಕೆ ಅದು ಶೇ. 40ನ್ನು ದಾಟಬಹುದು. ಕನಿಷ್ಠ ಪಾವತಿ ಮಾಡಿದರೆ ಸಾಕು ಎಂದು ತಿಳಿದವರ ಅಸಲು ಕರಗುವುದೇ ಇಲ್ಲ. ಊರಿನ ಕೈಸಾಲದಲ್ಲಿ ನೂರಕ್ಕೆ ಮೂರು ಎಂದರೆ ಸಣ್ಣ ಮಾತಿನಂತೆ ಕೇಳುತ್ತದೆ. ಅದು ತಿಂಗಳ ಲೆಕ್ಕ. 1 ಲಕ್ಷಕ್ಕೆ ವರ್ಷದಲ್ಲಿ 36,000 ರೂಪಾಯಿ ಬರಿಯ ಬಡ್ಡಿ.

ಆದುದರಿಂದ ಹೆಚ್ಚು ಬಡ್ಡಿಯ ಸಾಲ ಮೊದಲು, ಕಡಿಮೆ ಬಡ್ಡಿಯ ಸಾಲ ಕೊನೆಗೆ. ಮೊದಲು ಕಾರ್ಡು ಮತ್ತು ಕೈಸಾಲ, ಬಳಿಕ ವೈಯಕ್ತಿಕ ಸಾಲ ಹಾಗೂ ಸಂಘದ ಸಾಲ, ತದನಂತರ ವಾಹನ, ಕಡೆಗೆ ಮನೆ. ಬಂಗಾರದ ಸಾಲದ ಸ್ಥಾನವನ್ನು ಅದರ ಬಡ್ಡಿಯೂ ಹರಾಜಿನ ಗಡುವೂ ನಿರ್ಧರಿಸುತ್ತವೆ. ಬ್ಯಾಂಕಿನಲ್ಲಿ ಶೇ. 7ರ ಠೇವಣಿ ಇಟ್ಟುಕೊಂಡು ಹೊರಗೆ ಶೇ. 36ರ ಸಾಲ ಹೊತ್ತಿರುವವರನ್ನು ನಾವು ಕಂಡಿದ್ದೇವೆ. ಠೇವಣಿ ಮುರಿದರೆ ಕೂಡಿಟ್ಟದ್ದು ಹೋಯಿತೆಂಬ ಭಾವ ಅವರದು. ನಿಜವಾಗಿ ಹೋಗುತ್ತಿರುವುದು ಪ್ರತಿ ವರ್ಷ ನೂರಕ್ಕೆ 29 ರೂಪಾಯಿ.

ಮನೆಯ ಸಾಲ ಕೊನೆಯದು ಎಂದ ಮಾತ್ರಕ್ಕೆ ಅದನ್ನು ಮರೆತುಬಿಡಬಾರದು. 30 ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಒಟ್ಟು ಕಟ್ಟುವ ಬಡ್ಡಿ ಸುಮಾರು 32.5 ಲಕ್ಷ, ಅಂದರೆ ಅಸಲಿಗಿಂತಲೂ ಹೆಚ್ಚು. ಅದೇ ಸಾಲವನ್ನು 15 ವರ್ಷಕ್ಕೆ ಪಡೆದರೆ ಕಂತು ಸುಮಾರು 29,540. ಬಡ್ಡಿ ಸುಮಾರು 23.2 ಲಕ್ಷ. ತಿಂಗಳಿಗೆ ಮೂರೂವರೆ ಸಾವಿರ ಹೆಚ್ಚು ಕಟ್ಟುವುದರಿಂದ 9 ಲಕ್ಷಕ್ಕೂ ಮೀರಿ ಉಳಿಯುತ್ತದೆ. ದೀರ್ಘಾವಧಿಗೆ ಪಡೆದವರೂ ಚಿಂತಿಸಬೇಕಿಲ್ಲ. ವ್ಯಕ್ತಿಗಳು ಸ್ವಂತ ಬಳಕೆಗೆ ಪಡೆದ ಬದಲಾಗುವ ಬಡ್ಡಿದರದ ಸಾಲವನ್ನು ಅವಧಿಗೆ ಮೊದಲೇ ಕಟ್ಟಿದರೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಬೋನಸ್ಸು, ಹಿಂಬಾಕಿ, ಫಸಲಿನ ಪಾಲು ಬಂದಾಗ ಒಂದಂಶವನ್ನು ಅಸಲಿಗೆ ಕಟ್ಟುತ್ತ ಹೋಗಬಹುದು.

ಸಾಲ ತೀರಿದ ಬಳಿಕ ಮೂಲ ಪತ್ರಗಳನ್ನು 30 ದಿನದೊಳಗೆ ಮರಳಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಕೇಳಿ ಪಡೆಯಲು ಸಂಕೋಚ ಬೇಡ.

ಉಳಿತಾಯ ಎಲ್ಲಿರಬೇಕು

ಮೊದಲ ಉಳಿತಾಯ ಆಪದ್ಧನ. ಮನೆಖರ್ಚು ಮತ್ತು ಕಂತು ಸೇರಿ ಆರು ತಿಂಗಳಿಗೆ ಬೇಕಾಗುವಷ್ಟು ಹಣ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿ ಇರಬೇಕು. ಒಂದೇ ಬಾರಿಗೆ ಆಗದು. ತಿಂಗಳಿಗೆ ಐದು ಸಾವಿರದಂತೆ ಆರಂಭಿಸಿದರೂ ವರ್ಷಕ್ಕೆ 60,000 ಆಗುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಕೈಸಾಲಕ್ಕೆ ಅಲೆಯುವುದು ತಪ್ಪುತ್ತದೆ.

ಎರಡನೆಯದು ದೂರದ ಗುರಿಗಳಿಗೆ. 2006ರ ಏಪ್ರಿಲ್ 1ರಂದು ಅಥವಾ ಆ ಬಳಿಕ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಯ ವ್ಯಾಪ್ತಿಯವರು. ತಂದೆಯ ಕಾಲದ ನಿಶ್ಚಿತ ಪಿಂಚಣಿಯನ್ನು ಎಣಿಸಿ ಅವರು ಯೋಜನೆ ಹಾಕಕೂಡದು. ಖಾಸಗಿ ಸಂಸ್ಥೆಯಲ್ಲಿರುವವರ ಭವಿಷ್ಯ ನಿಧಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ಜಮೆಯಾಗುತ್ತದೆ. ಕೆಲಸ ಬದಲಿಸಿದಾಗಲೆಲ್ಲ ಅದನ್ನು ಹಿಂಪಡೆದು ಖರ್ಚು ಮಾಡುವ ರೂಢಿ ಹಲವರಲ್ಲಿದೆ. ಅದನ್ನು ಹೊಸ ಸಂಸ್ಥೆಗೆ ವರ್ಗಾಯಿಸಿಕೊಳ್ಳುವುದೇ ವಿವೇಕ.

ಸಾರ್ವಜನಿಕ ಭವಿಷ್ಯ ನಿಧಿಯ ಖಾತೆಯನ್ನು ಪತಿ ಪತ್ನಿ ಇಬ್ಬರೂ ಬೇರೆ ಬೇರೆಯಾಗಿ ತೆರೆಯಬಹುದು. ಒಬ್ಬೊಬ್ಬರು ವರ್ಷಕ್ಕೆ 500ರಿಂದ 1.5 ಲಕ್ಷದವರೆಗೆ ಕಟ್ಟಬಹುದು. ಅವಧಿ 15 ವರ್ಷ. 2020ರಿಂದೀಚೆಗೆ ಇರುವ ಶೇ. 7.1ರ ದರವೇ ಮುಂದುವರಿದರೆ, ವರ್ಷದ ಆರಂಭದಲ್ಲಿ 60,000ದಂತೆ ಕಟ್ಟಿದ 9 ಲಕ್ಷವು ಅವಧಿಯ ಕೊನೆಗೆ 16 ಲಕ್ಷಕ್ಕೂ ತುಸು ಹೆಚ್ಚಾಗುತ್ತದೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆ ಕಚೇರಿಯಲ್ಲಿ ತೆರೆಯಬಹುದು. ಆ ಹಣವನ್ನು ಮಗಳ ಮದುವೆಯ ಹಣವೆಂದು ಕರೆಯದೆ ಓದಿನ ಹಣವೆಂದು ಕರೆಯಿರಿ; ಹೆಸರು ಬದಲಾದರೆ ಉದ್ದೇಶವೂ ಬದಲಾಗುತ್ತದೆ.

ಮೂರನೆಯ ಮಾತು ಎಚ್ಚರಿಕೆಯದು. ನಮ್ಮವರು ಪರಿಚಯದ ಬಲದಿಂದ ಪತ್ತಿನ ಸಹಕಾರ ಸಂಘಗಳಲ್ಲಿ ಹಣವಿಡುತ್ತಾರೆ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಬಹಳ ಇವೆ. ಆದರೆ ಒಂದು ವ್ಯತ್ಯಾಸವನ್ನು ಎಲ್ಲರೂ ಅರಿಯಬೇಕು. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ, ವಿಮೆಗೆ ಒಳಪಟ್ಟ ಸಹಕಾರಿ ಬ್ಯಾಂಕುಗಳೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆ ಇಲ್ಲ. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಯ ಆಸೆಗೆ ಜೀವಮಾನದ ಗಳಿಕೆಯನ್ನೆಲ್ಲ ಒಂದೇ ಸಂಘದಲ್ಲಿಟ್ಟು ಕಣ್ಣೀರಿಟ್ಟ ನಿವೃತ್ತರನ್ನು ಈ ಕಾರ್ಯಾಲಯದಲ್ಲಿಯೇ ಕಂಡಿದ್ದೇವೆ.

ಒಬ್ಬರು ಇಲ್ಲವಾದರೆ

ಇದು ಮಂಗಳಕರವಲ್ಲದ ಮಾತೆಂದು ಬಹಳ ಮನೆಗಳಲ್ಲಿ ಆಡುವುದೇ ಇಲ್ಲ. ಆಡದೆ ಬಿಟ್ಟುದರ ಭಾರವನ್ನು ಹೊರುವವರು ಉಳಿದವರು. ಮನೆಯ ಸಾಲ ಎಷ್ಟಿದೆಯೋ ಅದನ್ನು ತೀರಿಸಿ ಮಕ್ಕಳ ಓದಿಗೂ ಉಳಿಯುವಷ್ಟು ಅವಧಿ ವಿಮೆ ದುಡಿಯುವ ಇಬ್ಬರ ಮೇಲೂ ಇರಬೇಕು. ಪತಿಯೊಬ್ಬರ ಮೇಲಷ್ಟೇ ಅಲ್ಲ. ಪತ್ನಿಯ ಸಂಬಳವನ್ನು ನಂಬಿ ಸಾಲ ಪಡೆದ ಮೇಲೆ ಪತ್ನಿಯ ಜೀವಕ್ಕೆ ವಿಮೆ ಬೇಡವೆನ್ನುವುದು ತರ್ಕಕ್ಕೆ ನಿಲ್ಲದು. ಪತಿಯು ತನ್ನ ವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಪತ್ನಿ ಮತ್ತು ಮಕ್ಕಳ ಹಿತಕ್ಕೆಂದು ಮಾಡಿಸಿದರೆ, ಆ ಹಣ ಅವರದೇ ಆಗುತ್ತದೆ. ಸಾಮಾನ್ಯವಾಗಿ ಪತಿಯ ಸಾಲಗಾರರು ಅದರ ಮೇಲೆ ಹಕ್ಕು ಸಾಧಿಸಲಾಗದು. ವ್ಯಾಪಾರಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಇಚ್ಛೆಯನ್ನು ವಿಮೆ ಮಾಡಿಸುವಾಗಲೇ ತಿಳಿಸುವುದು ಒಳಿತು.

ಕಂಪನಿ ಕೊಟ್ಟ ಆರೋಗ್ಯ ವಿಮೆ ಬಹುಮಟ್ಟಿಗೆ ಕೆಲಸದೊಂದಿಗೇ ಮುಗಿಯುತ್ತದೆ. ಕೆಲಸ ಹೋದ ತಿಂಗಳೇ ಮನೆಯಲ್ಲಿ ಕಾಯಿಲೆ ಬಾರದೆಂಬ ಭರವಸೆ ಯಾರಿಗೂ ಇಲ್ಲ. ಮನೆಯದೇ ಆದ ಒಂದು ಆರೋಗ್ಯ ವಿಮೆ ಬೇರೆಯಾಗಿ ಇರಲಿ.

ನಾಮನಿರ್ದೇಶನದ ಬಗೆಗೂ ತಪ್ಪು ತಿಳಿವಳಿಕೆ ಇದೆ. ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಎಂದರೆ ಹಣವನ್ನು ಸ್ವೀಕರಿಸುವ ಅಧಿಕಾರವುಳ್ಳವರು. ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಮದುವೆಗೆ ಮೊದಲು ತೆರೆದ ಖಾತೆಗಳಲ್ಲಿ ತಂದೆಯ ಅಥವಾ ಅಣ್ಣನ ಹೆಸರೇ ಉಳಿದಿರುವುದುಂಟು. ಅವನ್ನು ನೋಡಿ ಸರಿಪಡಿಸಬೇಕು. ಜೊತೆಗೆ ಇಬ್ಬರೂ ಒಂದೊಂದು ಉಯಿಲು ಬರೆದಿಡುವುದು ಉತ್ತಮ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರ ದುಡಿಮೆಯಿಂದ ಕೊಂಡ ಮನೆ ಇಬ್ಬರ ಹೆಸರಿನಲ್ಲಿಯೇ ನೋಂದಣಿಯಾಗಲಿ. ಸಾಲದ ಪತ್ರದಲ್ಲಿ ಪತ್ನಿಯ ಸಹಿ, ಕ್ರಯಪತ್ರದಲ್ಲಿ ಪತಿಯ ಹೆಸರು ಮಾತ್ರ ಎಂಬುದು ನ್ಯಾಯವಲ್ಲ.

ಮುಂದಿನ ವರ್ಷಗಳ ಲೆಕ್ಕ

ಮಗು ಬರಲಿರುವ ಮನೆ ಆದಾಯದ ಏರಿಳಿತವನ್ನು ಮೊದಲೇ ಎಣಿಸಬೇಕು. ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಯ ಸಂಸ್ಥೆಗಳಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನ ಸಹಿತ ರಜೆ ಇದೆ. ಆ ಬಳಿಕವೂ ಒಂದೆರಡು ವರ್ಷ ತಾಯಿ ಮನೆಯಲ್ಲಿರಬೇಕೆನಿಸಬಹುದು, ತಂದೆಯೂ ಇರಬಹುದು. ಕಂತಿನ ಭಾರ ಒಂದು ಸಂಬಳದ ಮಿತಿಯಲ್ಲಿದ್ದರೆ ಆ ಆಯ್ಕೆ ದಂಪತಿಗಳ ಕೈಯಲ್ಲಿರುತ್ತದೆ. ಮೀರಿದ್ದರೆ ಆ ನಿರ್ಧಾರವನ್ನು ಬ್ಯಾಂಕು ಮಾಡಿದಂತೆಯೇ.

ಮದುವೆ, ಗೃಹಪ್ರವೇಶಗಳ ಖರ್ಚಿನ ಬಗೆಗೆ ಮಠದ ಕಾರ್ಯದರ್ಶಿಗಳಾಗಿ ನಾವು ಹೇಳಲೇಬೇಕಾದ ಮಾತೊಂದಿದೆ. ಸಾಲ ಮಾಡಿ ಊಟ ಹಾಕಿಸುವುದು ದಾಸೋಹವಲ್ಲ. ಸಾಲ ಮಾಡಿ ಮಠಕ್ಕೆ ಕಾಣಿಕೆ ಕೊಡುವುದೂ ದಾಸೋಹವಲ್ಲ. ಕಾಯಕದಿಂದ ಬಂದು, ಮನೆಯ ಅಗತ್ಯ ಕಳೆದು ಉಳಿದುದರಲ್ಲಿ ಕೊಟ್ಟದ್ದೇ ದಾಸೋಹ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗ ಎಲ್ಲರಿಗೂ ಗೊತ್ತು. ನಾವು ಅದನ್ನು ನಿರಾಸೆಯ ಕಥೆಯಾಗಿ, ಅಂದರೆ ಆಸೆಯಿಲ್ಲದಿರುವಿಕೆಯ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಮನೆಗೆ ದಿನವೂ ಎಷ್ಟು ಬರುತ್ತದೆಂಬುದು ಲಕ್ಕಮ್ಮನವರಿಗೆ ಖಚಿತವಾಗಿ ತಿಳಿದಿತ್ತು. ತಿಳಿದಿದ್ದರಿಂದಲೇ ಹೆಚ್ಚಾದುದು ಅವರ ಕಣ್ಣಿಗೆ ಬಿತ್ತು. ಪ್ರಶ್ನಿಸುವ ಅಧಿಕಾರ ಅವರಿಗಿತ್ತು. ಕೇಳುವ ಮನಸ್ಸು ಮಾರಯ್ಯನವರಿಗಿತ್ತು.

ದಂಪತಿಗಳು ತಿಂಗಳಿಗೊಮ್ಮೆ, ಸಂಬಳ ಬಂದ ಬಳಿಕದ ಮೊದಲ ಭಾನುವಾರ, ಒಂದು ಗಂಟೆ ಆ ಪುಸ್ತಕದ ಮುಂದೆ ಕುಳಿತರೆ ಸಾಕು. ಕಳೆದ ತಿಂಗಳ ಖರ್ಚು, ಉಳಿದ ಸಾಲ, ಬರಲಿರುವ ತಿಂಗಳ ವಿಶೇಷ ಖರ್ಚು, ಇಷ್ಟನ್ನೇ ನೋಡಬೇಕು. ತಪ್ಪು ಕಂಡರೆ ಅದು ಯಾರ ತಪ್ಪೆಂದು ಹುಡುಕುವುದು ಬೇಡ; ಮುಂದೇನು ಎಂಬುದಷ್ಟೇ ಸಾಕು. ಹೈಸ್ಕೂಲಿನಲ್ಲಿರುವ ಮಕ್ಕಳಿದ್ದರೆ ಅವರೂ ಬಳಿಯಲ್ಲಿ ಕುಳಿತು ಕೇಳಲಿ.

ಆ ದಂಪತಿಗಳು ಏನು ಮಾಡಿದರೆಂಬುದನ್ನು ಹೇಳಿ ಮುಗಿಸುತ್ತೇವೆ. ಅವರು ಕಾರನ್ನು 3.6 ಲಕ್ಷಕ್ಕೆ ಮಾರಿದರು. ಅದರಿಂದ ಕಾರಿನ ಸಾಲ 3 ಲಕ್ಷವೂ ಕಾರ್ಡಿನ ಬಾಕಿ 50,000ವೂ ತೀರಿತು. ತಿಂಗಳ ಕಂತು 40,000ಕ್ಕೆ ಇಳಿಯಿತು. ಹೊಸ ಮನೆಯನ್ನು 12,000ಕ್ಕೆ ಬಾಡಿಗೆ ಕೊಟ್ಟು, ತಾವು ಹಿರಿಯರ ಹಳೆಯ ಮನೆಯಲ್ಲಿಯೇ ಒಂದು ವರ್ಷ ಉಳಿದರು. ವಿಷಯ ತಿಳಿದ ತಮ್ಮ, ಸಂಘದ ಕಂತಿನಲ್ಲಿ 4,000 ತಾನೇ ಕಟ್ಟತೊಡಗಿದ; ಅದುವರೆಗೂ ಯಾರೂ ಅವನನ್ನು ಕೇಳಿರಲಿಲ್ಲವಂತೆ. ಪತಿಗೆ ಮೂರು ತಿಂಗಳ ಬಳಿಕ 33,000 ಸಂಬಳದ ಕೆಲಸ ಸಿಕ್ಕಿತು. ಮಿತ್ರರ ಸಾಲದ ಜಾಮೀನು ಇನ್ನೂ ಇದೆ. ಅದು ಮೂರನೆಯ ಪುಟದಲ್ಲಿದೆ. ಪತ್ನಿಯ ಬಂಗಾರ ಇನ್ನೂ ಬಿಡುಗಡೆಯಾಗಿಲ್ಲ. ಅದರ ತಿಂಗಳು ಬರೆದಿಟ್ಟಿದ್ದಾರೆ.

ಕಳೆದ ತಿಂಗಳು ಅವರ ಗೃಹಪ್ರವೇಶ ನಡೆಯಿತು. ಎರಡೂ ಕಡೆಯ ಹಿರಿಯರು ಸೇರಿ ಇಪ್ಪತ್ತು ಮಂದಿ ಇದ್ದರು. ಮನೆಯಲ್ಲಿಯೇ ಮಾಡಿದ ಹುಗ್ಗಿಯ ಪ್ರಸಾದ ಸವಿದು ಬಂದೆವು.

ಈ ಲೇಖನವನ್ನು ಓದಿದ ದಂಪತಿಗಳು ಇಂದು ರಾತ್ರಿ ಊಟದ ಬಳಿಕ ಬೇರೆ ಬೇರೆ ಕಾಗದದ ಮೇಲೆ, ಮನೆಯ ಒಟ್ಟು ಸಾಲ ಎಷ್ಟೆಂದು ಬರೆದು ನೋಡಲಿ. ಎರಡೂ ಅಂಕಿ ಒಂದೇ ಆಗಿದ್ದರೆ ಸಂತೋಷ. ಬೇರೆಯಾಗಿದ್ದರೆ ಮುನಿಸು ಬೇಡ. ಪುಸ್ತಕವನ್ನು ಆರಂಭಿಸಲು ಅದೇ ಸರಿಯಾದ ದಿನ.